“ಗೋಧಿ ಇಲ್ಲ ಸರ್, ಬರೀ ಮೈದಾ”: ಕಾರವಾರ, ಶಿರಸಿ ಕಡೆ ಗ್ಲುಟೆನ್ ಇಲ್ಲದೆ ಹೊರಗೆ ಉಣ್ಣುವುದು ಹೇಗೆ

ಗೋಧಿಯಲ್ಲಿರುವ ಗ್ಲುಟೆನ್ ಕರುಳಿಗೆ ಆಗದ ಸೀಲಿಯಾಕ್ ಕಾಯಿಲೆ ನನಗಿದೆ ಅಂತ ಗೊತ್ತಾದ ಹೊಸದರಲ್ಲಿ ಕಾರವಾರದ ಒಂದು ಹೋಟೆಲಿನಲ್ಲಿ ಕೇಳಿದ್ದೆ: “ಅಣ್ಣಾ, ಇದಕ್ಕೆ ಗೋಧಿ ಹಾಕ್ತೀರಾ?” ಅವರು ನಕ್ಕು ಹೇಳಿದರು, “ಗೋಧಿ ಇಲ್ಲ ಸರ್, ಬರೀ ಮೈದಾ.”

ಅವರು ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಗೋಧಿ ಅಂದರೆ ಚಪಾತಿ ಹಿಟ್ಟು, ಅಷ್ಟೇ. ಮೈದಾ ಬೇರೆ ಚೀಲ, ರವೆ ಬೇರೆ ಡಬ್ಬಿ. ಮೂರೂ ಒಂದೇ ಕಾಳಿನಿಂದ ಬಂದದ್ದು ಅಂತ ಅಡುಗೆಮನೆಯಲ್ಲಿ ನಿಂತವರಿಗೆ ಯಾಕೆ ನೆನಪಾಗಬೇಕು? ಆವತ್ತಿನಿಂದ ನಾನು ಹೋಟೆಲಿನಲ್ಲಿ ‘ಗ್ಲುಟೆನ್’ ಅನ್ನುವ ಮಾತನ್ನೇ ಬಿಟ್ಟೆ. ನಾಲ್ಕು ಹೆಸರು ಹಿಡಿದು ಕೇಳುತ್ತೇನೆ: ಗೋಧಿ, ಮೈದಾ, ರವೆ, ಹಿಂಗು. ಆಮೇಲೆ ತವಾ ಮತ್ತು ಎಣ್ಣೆ. ಈ ಬರಹದಲ್ಲಿ ಇರುವುದೆಲ್ಲ ಇದರದೇ ವಿವರ.

ನನ್ನ ಊರು ಅಂಕೋಲಾ, ಕೆಲಸ ಕಾರವಾರದಲ್ಲಿ. ಶಿರಸಿಯಲ್ಲಿ ಸ್ನೇಹಿತರು ಜಾಸ್ತಿ, ಹಾಗಾಗಿ ಮದುವೆ ಮುಂಜಿ ಊಟವೂ ಜಾಸ್ತಿ. ಅಕ್ಕಿಯ ನಾಡು ನಮ್ಮದು, ಆ ಮಟ್ಟಿಗೆ ಅದೃಷ್ಟ.

ಶುರು ಮಾಡುವ ಮುಂಚೆ

ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಪ್ರೋಟೀನ್‌ಗೆ ಗ್ಲುಟೆನ್ ಅಂತ ಹೆಸರು. ಸೀಲಿಯಾಕ್ ಕಾಯಿಲೆ ಇದ್ದವರ ಹೊಟ್ಟೆಗೆ ಅದು ಹೋದರೆ ದೇಹ ತನ್ನ ಸಣ್ಣ ಕರುಳಿನ ಮೇಲೆ ತಾನೇ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆ ಸವೆಯುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಬರೀ ಭೇದಿ ಆಗಬೇಕು ಅಂತಿಲ್ಲ. ಎಷ್ಟು ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ಸುಸ್ತು, ಹೊಟ್ಟೆಯುಬ್ಬರ ಹೀಗೂ ಕಾಣಿಸಬಹುದು. ನನ್ನದನ್ನು ಎಷ್ಟೋ ವರ್ಷ ‘ಗ್ಯಾಸು’ ಅಂತಲೇ ಎಲ್ಲರೂ ಹೇಳಿದರು. ನಾನೂ ನಂಬಿದ್ದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅನುಮಾನ ಬಂತು ಅಂತ ತಕ್ಷಣ ಗೋಧಿ ಬಿಡಬೇಡಿ. ಮೊದಲು ಡಾಕ್ಟರ ಹತ್ತಿರ ಹೋಗಿ. ಟಿಟಿಜಿ ಅನ್ನುವ ರಕ್ತಪರೀಕ್ಷೆ ಇದೆ. ಅದರಲ್ಲಿ ಕಂಡರೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಮೊದಲೇ ಗೋಧಿ ಬಿಟ್ಟಿದ್ದರೆ ಎರಡೂ ಸುಳ್ಳು ಹೇಳಬಹುದು. ಗೋಧಿ ಅಲರ್ಜಿ ಬೇರೆ ವಿಷಯ. ಅದರಲ್ಲಿ ಮೈ ದದ್ದು ಏಳುವುದು, ಉಸಿರು ಕಟ್ಟುವುದು ಕೂಡಲೇ ಆಗಬಹುದು. ಅಂಥವರು ಈ ಬರಹ ನಂಬಿ ಹೋಟೆಲಿಗೆ ಹೋಗಬೇಡಿ, ಡಾಕ್ಟರ ಮಾತಿನಂತೆ ನಡೆಯಿರಿ.

‘ಚೂರು ತಿಂದರೆ ಏನಾಗುತ್ತೆ’ ಅನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೆ ಈ ಲೆಕ್ಕ ಹೇಳಿ. ಒಂದು ಬ್ರೆಡ್ ತುಂಡಿನಲ್ಲಿ ಎರಡು ಗ್ರಾಂಗೆ ಕಮ್ಮಿಯಿಲ್ಲದಷ್ಟು ಗ್ಲುಟೆನ್ ಇರುತ್ತದೆ. ದಿನಾ 50 ಮಿಲಿಗ್ರಾಂ ಹೋದರೂ ಕರುಳು ಸವೆಯುವುದು ಕಂಡಿದೆ. ಅಂದರೆ ಆ ತುಂಡನ್ನು ನಲವತ್ತು ಪಾಲು ಮಾಡಿ, ಅದರಲ್ಲಿ ಒಂದು ಪಾಲು.

ಹೋಟೆಲಿನವರಿಗೆ ಈ ಕಾಯಿಲೆಯ ಹೆಸರು ಗೊತ್ತಿಲ್ಲ ಅಂತ ಸಿಟ್ಟು ಮಾಡಿಕೊಳ್ಳಬೇಡಿ. 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಇದ್ದ ಕಾಯಿಲೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರ ಆಸುಪಾಸು ಕಂಡಿತ್ತು. ಅವರು ನೋಡುವ ಮೊದಲ ಗಿರಾಕಿ ನೀವೇ ಇರಬಹುದು.

ಗೋಧಿ ಎಲ್ಲೆಲ್ಲಿ ಅಡಗಿ ಕೂತಿದೆ

ಚಪಾತಿ, ಪೂರಿ, ಪರೋಟ, ಪಾವ್ ಇವೆಲ್ಲ ಕಣ್ಣಿಗೆ ಕಾಣುವ ಕಳ್ಳರು. ಕಾಣುವುದರಿಂದ ಇವರನ್ನು ಬಿಡುವುದು ಸುಲಭ. ನಮ್ಮ ಕರಾವಳಿಯ ಬೆಳಗಿನ ತಿಂಡಿ ಬನ್ಸ್-ಭಾಜಿ ಇದೆಯಲ್ಲ, ಅದರ ಬನ್ಸ್ ಪೂರ್ತಿ ಮೈದಾ. ಬಾಳೆಹಣ್ಣು ಹಾಕಿದ ಮಾತ್ರಕ್ಕೆ ಹಣ್ಣಿನ ತಿಂಡಿ ಆಗುವುದಿಲ್ಲ. ಗೋಳಿಬಜೆಯೂ ಮೈದಾ.

ರವೆ ಕಿತಾಪತಿ ಜಾಸ್ತಿ. ಉಪ್ಪಿಟ್ಟು, ಕೇಸರಿಬಾತ್, ರವಾ ದೋಸೆ, ರವಾ ಇಡ್ಲಿ ಎಲ್ಲವೂ ಗೋಧಿ ರವೆ. ಆದರೆ ಅಂಗಡಿಯಲ್ಲಿ ‘ಇಡ್ಲಿ ರವೆ’ ಅಂತ ಸಿಗುವುದು ಅಕ್ಕಿಯದ್ದು. ಹಾಗಾಗಿ ಹೋಟೆಲಿನವರು “ಇಡ್ಲಿಗೆ ರವೆ ಹಾಕ್ತೇವೆ” ಅಂದರೆ ಹೆದರಬೇಡಿ, “ಅಕ್ಕಿ ರವೆಯೋ, ಉಪ್ಪಿಟ್ಟಿನ ರವೆಯೋ?” ಅಂತ ಕೇಳಿ. ಶ್ಯಾವಿಗೆಯೂ ಹಾಗೇ. ಒತ್ತು ಶ್ಯಾವಿಗೆ ಅಕ್ಕಿಯದ್ದು, ಪ್ಯಾಕೆಟ್ ಶ್ಯಾವಿಗೆ ಹೆಚ್ಚಾಗಿ ಗೋಧಿಯದ್ದು.

ದೋಸೆ ಅಂದರೆ ಅಕ್ಕಿ ಉದ್ದು, ಅದರಲ್ಲಿ ಕೇಳುವುದೇನು ಅಂದುಕೊಂಡಿದ್ದೆ. ಆದರೆ ಮಸಾಲೆ ದೋಸೆ ಗರಿಗರಿಯಾಗಲಿ, ಕೆಂಪಗಾಗಲಿ ಅಂತ ಹಿಟ್ಟಿಗೆ ಒಂದು ಹಿಡಿ ಚಿರೋಟಿ ರವೆಯನ್ನೋ ಮೈದಾವನ್ನೋ ಸೇರಿಸುವ ಹೋಟೆಲುಗಳಿವೆ. ನೀರುದೋಸೆ ತವಾಕ್ಕೆ ಅಂಟಬಾರದು ಅಂತ ಮೈದಾ ಹಾಕುವವರೂ ಇದ್ದಾರೆ. ಉದ್ದಿನ ವಡೆ ಹಿಟ್ಟು ನೀರಾದರೆ ಕೈಗೆ ಸಿಕ್ಕ ರವೆ ಬೀಳುತ್ತದೆ. ಮನೆಯಲ್ಲೂ ಮಾಡುತ್ತೇವೆ, ಅಲ್ವಾ?

ಇನ್ನು ಹಿಂಗು. ನಮ್ಮಂಥವರ ದೊಡ್ಡ ಶತ್ರು ಇದೇ. ಹಿಂಗು ಅಂದರೆ ಒಂದು ಗಿಡದ ಬೇರಿನಿಂದ ಸುರಿಯುವ ಅಂಟು. ಅಪ್ಪಟ ಹಿಂಗಿನ ಘಾಟು ತಡೆಯಲಾಗದು. ಅದಕ್ಕೆ ಕಂಪನಿಗಳು ಗೋಂದು, ಹಿಟ್ಟು ಬೆರೆಸಿ ಪುಡಿ ಮಾಡುತ್ತವೆ. ಆ ಹಿಟ್ಟು ಬಹಳ ಸಲ ಗೋಧಿಯದ್ದು. ನಿಮ್ಮ ಮನೆಯ ಡಬ್ಬಿಯ ಹಿಂಭಾಗ ಈಗಲೇ ಓದಿ ನೋಡಿ. ಅಕ್ಕಿ ಹಿಟ್ಟು ಬೆರೆಸಿದ ಹಿಂಗೂ ಸಿಗುತ್ತದೆ, ಹುಡುಕಬೇಕು. ಸಾರು, ಸಾಂಬಾರು, ತೊವ್ವೆ, ಉಪ್ಪಿನಕಾಯಿ, ಚಟ್ನಿಯ ಒಗ್ಗರಣೆ ಎಲ್ಲ ಕಡೆಯೂ ಹಿಂಗು ಇದೆ. ಚಿಟಿಕೆ ಅಷ್ಟೇ, ನಿಜ. ನಾನು ಆ ಚಿಟಿಕೆಯನ್ನೂ ಬಿಡುತ್ತೇನೆ. ಒಂದೇ ಊಟದಲ್ಲಿ ನಾಲ್ಕು ಪದಾರ್ಥಕ್ಕೆ ನಾಲ್ಕು ಚಿಟಿಕೆ ಆಗುತ್ತದಲ್ಲ.

ಗೋಬಿ ಮಂಚೂರಿಯ ಕಥೆ ಬೇಗ ಮುಗಿಸುತ್ತೇನೆ. ಹಿಟ್ಟಿನಲ್ಲಿ ಮೈದಾ, ಸೋಯಾ ಸಾಸಿನಲ್ಲಿ ಗೋಧಿ. ಬೇಡ. ಹಾಲಿಗೆ ಹಾಕುವ ಹಾರ್ಲಿಕ್ಸ್‌ನಂಥ ಪುಡಿಗಳಲ್ಲಿ ಗೋಧಿ, ಬಾರ್ಲಿ ಎರಡೂ ಇವೆ. ಬಿಯರ್ ಬಾರ್ಲಿಯದ್ದು. ಗಡಿ ದಾಟಿದರೆ ಸಿಗುವ ಗೇರುಹಣ್ಣಿನ ಫೆನ್ನಿಯಲ್ಲಿ ಗ್ಲುಟೆನ್ ಇಲ್ಲ. ಇದು ಮಾಹಿತಿ ಮಾತ್ರ, ಸಲಹೆ ಅಲ್ಲ.

ಎಲ್ಲಿಗೆ, ಎಷ್ಟು ಹೊತ್ತಿಗೆ

ತಿಂಡಿಗೆ ನನ್ನ ಮೊದಲ ಆಯ್ಕೆ ಇಡ್ಲಿ. ಅದು ತವಾ ಮುಟ್ಟುವುದಿಲ್ಲ, ಎಣ್ಣೆಗೆ ಬೀಳುವುದಿಲ್ಲ. ತಟ್ಟೆಯಲ್ಲೋ ಕೊಟ್ಟೆಯಲ್ಲೋ ಬೆಂದು ಹಾಗೇ ಬರುತ್ತದೆ. ಹಲಸಿನ ಎಲೆಯ ಕೊಟ್ಟೆ ಕಡುಬು ಸಿಕ್ಕರೆ ಇನ್ನೂ ವಾಸಿ, ಅದಕ್ಕೆ ಬೇರೆ ಪಾತ್ರೆಯ ಸೋಂಕೇ ಇಲ್ಲ. ಜೊತೆಗೆ ಒಗ್ಗರಣೆ ಹಾಕದ ಕಾಯಿಚಟ್ನಿ ಕೇಳಿ.

ದೋಸೆ ತಿನ್ನಲೇಬೇಕು ಅಂದರೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ತವಾ ತೊಳೆದಿರುತ್ತದೆ. ರವಾ ದೋಸೆ, ಚಪಾತಿ ಇನ್ನೂ ಅದರ ಮೇಲೆ ಬಿದ್ದಿರುವುದಿಲ್ಲ. ಒಂಬತ್ತು ಗಂಟೆಯ ಮೇಲೆ ಆ ತವಾ ಯಾರದ್ದೂ ಅಲ್ಲ. ಮಧ್ಯಾಹ್ನದ ಊಟಕ್ಕೂ ಹಾಗೇ, ಹನ್ನೆರಡರ ಒಳಗೆ ಹೋದರೆ ಮಾಲೀಕರಿಗೆ ನಿಮ್ಮ ಮಾತು ಕೇಳಲು ಪುರುಸೊತ್ತು ಇರುತ್ತದೆ. ಒಂದೂವರೆಗೆ ಹೋಗಿ ಕಾಯಿಲೆಯ ಪುರಾಣ ತೆಗೆದರೆ ಅವರು ಸುಮ್ನೆ ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಕರಿದದ್ದು ಬೇಡ. ಅಂಬೊಡೆಗೆ ಕಡಲೆಬೇಳೆ, ಮೆಣಸಿನ ಭಜಿಗೆ ಕಡಲೆಹಿಟ್ಟು, ಎರಡರಲ್ಲೂ ಗೋಧಿ ಇಲ್ಲದಿರಬಹುದು. ಆದರೆ ಅದೇ ಬಾಣಲೆಯಲ್ಲಿ ಬೆಳಿಗ್ಗೆ ಬನ್ಸ್ ಕರಿದಿರುತ್ತಾರೆ. ಕುದಿಯುವ ಎಣ್ಣೆಯಲ್ಲಿ ಎಲ್ಲ ಸತ್ತುಹೋಗುತ್ತದೆ ಅಂತ ಒಬ್ಬರು ನನಗೆ ಸಮಾಧಾನ ಹೇಳಿದ್ದರು. ಗ್ಲುಟೆನ್ ಕ್ರಿಮಿಯಲ್ಲವಲ್ಲ, ಸಾಯಲಿಕ್ಕೆ.

ಹೇಗೆ ಕೇಳುವುದು

ಬಡಿಸುವ ಹುಡುಗನನ್ನು ಕೇಳಿ ಪ್ರಯೋಜನ ಕಮ್ಮಿ. ಗಲ್ಲಾದಲ್ಲಿ ಕೂತವರನ್ನು ಮಾತಾಡಿಸಿ, ಸಾಧ್ಯವಾದರೆ ಅಡುಗೆಯವರನ್ನೇ. “ಇದು ಸರಿಯಾ?” ಅಂತ ಕೇಳಬೇಡಿ. ಹೌದು ಅನ್ನುವುದು ನಮ್ಮವರ ಮರ್ಯಾದೆ. “ಈ ಸಾಂಬಾರಿಗೆ ಏನೇನು ಹಾಕಿದ್ದೀರಿ?” ಅಂತ ಕೇಳಿ. ಅವರ ಬಾಯಿಂದಲೇ ಪಟ್ಟಿ ಬರಲಿ. ‘ಡಯಟ್’ ಅನ್ನುವ ಮಾತು ತೆಗೆಯಬೇಡಿ. ತೂಕ ಇಳಿಸುವ ಶೋಕಿ ಅಂದುಕೊಳ್ಳುತ್ತಾರೆ. ‘ಕಾಯಿಲೆ’ ಅನ್ನಿ, ‘ಡಾಕ್ಟರು ಹೇಳಿದ್ದಾರೆ’ ಅನ್ನಿ.

ನಾನು ಕಿಸೆಯಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇನೆ. ಮಾತಿಗಿಂತ ಇದು ಒಳಗಿನವರೆಗೆ ತಲುಪುತ್ತದೆ. ಬೇಕಾದರೆ ಹೀಗೇ ಬರೆದುಕೊಳ್ಳಿ:

“ನನಗೆ ಕರುಳಿನ ಕಾಯಿಲೆ ಇದೆ. ಗೋಧಿ, ಮೈದಾ, ರವೆ, ಶ್ಯಾವಿಗೆ, ಬಾರ್ಲಿ ಚೂರು ಹೋದರೂ ತೊಂದರೆ ಆಗುತ್ತದೆ. ಡಬ್ಬಿ ಹಿಂಗು, ಸೋಯಾ ಸಾಸ್ ಕೂಡ ಬೇಡ. ಅನ್ನ, ಅಕ್ಕಿ ಹಿಟ್ಟು, ಉದ್ದು, ಕಡಲೆ, ರಾಗಿ, ಜೋಳ, ತೆಂಗಿನಕಾಯಿ, ತರಕಾರಿ, ಮೀನು, ಮೊಟ್ಟೆ, ಹಾಲು, ಮೊಸರು ಆಗುತ್ತದೆ. ದಯವಿಟ್ಟು ತೊಳೆದ ಪಾತ್ರೆ, ತೊಳೆದ ಸೌಟು ಬಳಸಿ. ಚಪಾತಿ ಮಾಡಿದ ತವಾ, ಬನ್ಸ್ ಕರಿದ ಎಣ್ಣೆ ಬೇಡ.”

ಓದಿ ಮುಗಿಸಿ “ಆಗುವುದಿಲ್ಲ ಸರ್” ಅಂದರೆ ಬೇಸರ ಬೇಡ. ಎಲ್ಲದಕ್ಕೂ “ಆಯ್ತು ಆಯ್ತು” ಅನ್ನುವವರಿಗಿಂತ ಅವರು ಎಷ್ಟೋ ಮೇಲು.

ಮೀನಿನ ಊಟ

ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ 66ರ ಉದ್ದಕ್ಕೂ ನಮ್ಮನ್ನು ಕಾಯುವುದು ಮೀನಿನ ಸಾರು. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಹುಳಿಗೆ ಕೋಕಂ ಅಥವಾ ಹುಣಸೆ. ಬಂಗುಡೆಯಾದರೆ ತೆಪ್ಪಳ. ಇದರಲ್ಲಿ ಸಾಮಾನ್ಯವಾಗಿ ಹಿಟ್ಟಿಗೂ ಹಿಂಗಿಗೂ ಜಾಗವಿಲ್ಲ. ಕುಚಲಕ್ಕಿ ಅನ್ನ, ಮೀನು ಸಾರು, ಸೋಲ್ ಕಡಿ. ಬೆಳಚಿನ (ಚಿಪ್ಪುಮೀನಿನ) ಸುಕ್ಕ ಇದ್ದರೆ ಅದೂ. ನಾನು ಹೊಟ್ಟೆ ತುಂಬಾ, ಹೆದರಿಕೆ ಇಲ್ಲದೆ ಉಣ್ಣುವ ಹೊರಗಿನ ಊಟ ಇದೊಂದೇ.

ಎಡವುವುದು ಫ್ರೈನಲ್ಲಿ. ಕಾರವಾರದ ಕಡೆ ಮೀನು ಫ್ರೈ ಅಂದರೆ ರವೆಯಲ್ಲಿ ಹೊರಳಿಸಿದ್ದು. “ರವೆ ಬೇಡ, ಬರೀ ಮಸಾಲೆ ಹಚ್ಚಿ” ಅಂತ ಒಮ್ಮೆ ಹೇಳಿದೆ. ಕೊಂಕಣಿಯಲ್ಲೂ ಹೇಳಿದೆ, “ರವೊ ನಾಕಾ”. ಚೆಂದದ ಇಸ್ವಾಣ ಮೀನಿನ ತುಂಡು ಬಂತು, ಮೇಲೆ ಒಂದು ಕಣ ರವೆ ಇಲ್ಲ. ತಿಂದೆ. ಎರಡು ದಿನ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಪಕ್ಕದ ಟೇಬಲಿನವರ ರವಾ ಫ್ರೈ ಬೆಂದ ಅದೇ ತವಾ, ಅದೇ ಎಣ್ಣೆ. ರವೆಯ ಪುಡಿ ಎಣ್ಣೆಯಲ್ಲೇ ತೇಲುತ್ತಿತ್ತು ಅನ್ನಿಸುತ್ತದೆ. ತಪ್ಪು ನನ್ನದೇ, ತವಾ ಬಗ್ಗೆ ಕೇಳಲಿಲ್ಲ.

ಈಗ ನಾನು ಮಾಡುವುದು ಹೀಗೆ. ತವಾ ತೊಳೆಯುವಷ್ಟು ಪುರುಸೊತ್ತು ಅವರಿಗೆ ಇಲ್ಲದಿದ್ದರೆ ಬಾಳೆಲೆಯಲ್ಲಿ ಸುತ್ತಿ ಬೇಯಿಸಿಕೊಡಿ ಅನ್ನುತ್ತೇನೆ. ಎಲೆ ಎಲ್ಲ ಹೋಟೆಲಿನಲ್ಲೂ ಇರುತ್ತದೆ. ಮೀನು ತವಾ ಮುಟ್ಟುವುದಿಲ್ಲ. ಮಸಾಲೆ ಮಾತ್ರ ಬೇರೆ ಬಟ್ಟಲಿನಿಂದ ತೆಗೆದಿರಬೇಕು, ರವೆ ಮೆತ್ತಿದ ಕೈ ಅದ್ದಿದ ಬಟ್ಟಲಿನಿಂದ ಅಲ್ಲ. ರುಚಿಯೂ ಬೇರೆ. ನಿಜ ಹೇಳಬೇಕೆಂದರೆ ಫ್ರೈಗಿಂತ ನನಗೆ ಈಗ ಇದೇ ಇಷ್ಟ.

ಕೋಳಿ ಸಾರಿನ ಜೊತೆ ವಡೆ ಕೊಟ್ಟರೆ ಹಿಟ್ಟಿನ ಬಗ್ಗೆ ಕೇಳಿ. ಅಕ್ಕಿಗೆ ಗೋಧಿ ಬೆರೆಸುವ ರೂಢಿ ಕೆಲವರದ್ದು. ಅವರು ಬೆರೆಸದಿದ್ದರೂ ಗಿರಣಿ ಬೆರೆಸುತ್ತದೆ. ಒಬ್ಬರ ಗೋಧಿ ಬೀಸಿದ ಕಲ್ಲಿನಲ್ಲೇ ಮುಂದಿನವರ ಅಕ್ಕಿ ಬೀಳುತ್ತದೆ. ಅಕ್ಕಿ ರೊಟ್ಟಿ, ಜೋಳದ ರೊಟ್ಟಿಗೂ ಇದೇ ತಕರಾರು. ನೆನೆಸಿ ರುಬ್ಬಿದ ಹಿಟ್ಟಿನ ತಿಂಡಿಯಾದರೆ ಗಿರಣಿಯ ಭಯವಿಲ್ಲ.

ಶಿರಸಿ ಕಡೆಯ ಪಂಕ್ತಿ ಊಟ

ದೇವಿಮನೆ ಘಟ್ಟ ಹತ್ತಿದರೆ ಮೀನು ಹೋಯಿತು, ಹಿಂಗು ಬಂತು. ಅಪ್ಪೆಹುಳಿ ನೋಡಲು ಎಷ್ಟು ಸಾಧು: ಮಾವಿನಕಾಯಿ, ನೀರು, ಉಪ್ಪು, ಮೆಣಸು. ಅದರ ಪರಿಮಳದ ಅರ್ಧ ಪಾಲು ಇಂಗಿನ ಒಗ್ಗರಣೆಯದ್ದು. ಮೊದಲ ವರ್ಷ ಒಂದು ಮದುವೆಯಲ್ಲಿ ಮೂರು ಲೋಟ ಕುಡಿದು ಆಮೇಲೆ ಅನುಭವಿಸಿದೆ. ಹೋಳಿಗೆಯನ್ನು ದೂರದಿಂದಲೇ ಕೈಮುಗಿದು ಕಳಿಸಿದ ಜಾಣ ನಾನು, ಅಪ್ಪೆಹುಳಿಗೆ ಬಿದ್ದೆ.

ಮದುವೆ ಮುಂಜಿಯಾದರೆ ಹಿಂದಿನ ದಿನವೇ ಮನೆಯವರಿಗೆ ಫೋನ್ ಮಾಡಿ. ಸಂಕೋಚ ಬೇಡ. ಅಡುಗೆ ಭಟ್ಟರ ನಂಬರು ತೆಗೆದುಕೊಂಡು ನೇರವಾಗಿ ಮಾತಾಡಿದರೆ ಇನ್ನೂ ಒಳ್ಳೆಯದು. ಅವರಿಗೆ ಒಂದೇ ಬೇಡಿಕೆ ಇಡಿ: “ಭಟ್ರೇ, ಒಗ್ಗರಣೆ ಹಾಕುವ ಮುಂಚೆ ನನಗೆ ಒಂದೊಂದು ಸೌಟು ಬೇರೆ ತೆಗೆದಿಡಿ.” ಇಷ್ಟು ಮಾಡಿದರೆ ಅಪ್ಪೆಹುಳಿ, ಸಾರು, ತಂಬುಳಿ, ಹಶಿ ಎಲ್ಲ ನಿಮ್ಮ ಎಲೆಗೆ ಬರುತ್ತವೆ. ನಾನು ಅಕ್ಕಿ ಹಿಟ್ಟಿನ ಹಿಂಗಿನ ಸಣ್ಣ ಡಬ್ಬಿ ಒಯ್ದು ಭಟ್ಟರ ಕೈಗೇ ಕೊಡುತ್ತೇನೆ. ಒಬ್ಬರು ಅದನ್ನೇ ಇಡೀ ಅಡುಗೆಗೆ ಹಾಕಿಬಿಟ್ಟರು. ಒಳ್ಳೆಯದೇ ಆಯ್ತು.

ಪಂಕ್ತಿಯಲ್ಲಿ ಕೂತ ಮೇಲೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಲು ಕಲಿಯಿರಿ. “ಸ್ವಲ್ಪ, ಸ್ವಲ್ಪ” ಅನ್ನುತ್ತಾ ಹೋಳಿಗೆ ಎಲೆಗೆ ಬಿದ್ದರೆ ಪಕ್ಕದ ಅನ್ನವೂ ಕೆಟ್ಟಿತು. ಹಪ್ಪಳ ಹಲಸಿನದ್ದಾದರೆ ಸರಿ, ಆದರೆ ಕರಿದ ಎಣ್ಣೆ ಯಾವುದು ಅಂತ ಕೇಳಿ. ಪಾಯಸ ಯಾವುದರದ್ದು? ಅಕ್ಕಿ, ಕಡಲೆಬೇಳೆ, ಹೆಸರುಬೇಳೆ ಆದರೆ ಹಾಕಿಸಿಕೊಳ್ಳಿ. ಕಜ್ಜಾಯಕ್ಕೂ ಈ ಪ್ರಶ್ನೆ ಇದೆ, ಅಕ್ಕಿಯದ್ದೂ ಉಂಟು, ಗೋಧಿಯದ್ದೂ ಉಂಟು. ತೊಡದೇವು ಅಕ್ಕಿ ಮತ್ತು ಕಬ್ಬಿನ ಹಾಲಿನದ್ದು. ಸಿಕ್ಕರೆ ಬಿಡಬೇಡಿ.

ಸತ್ಯನಾರಾಯಣ ಪೂಜೆಗೆ ಹೋದರೆ ಸಪಾದ ಭಕ್ಷ್ಯ ಕೊಡುತ್ತಾರೆ. ಅದು ಗೋಧಿ ರವೆ. ಪ್ರಸಾದ ಬೇಡ ಅನ್ನಲು ನಾಲಿಗೆ ಬರುವುದಿಲ್ಲ, ನನಗೂ ಬರುವುದಿಲ್ಲ. ತೆಗೆದುಕೊಂಡು ಕಣ್ಣಿಗೆ ಒತ್ತಿ ಪಕ್ಕದವರಿಗೆ ಕೊಡುತ್ತೇನೆ, ಬಾಳೆಹಣ್ಣು ತಿನ್ನುತ್ತೇನೆ. ಆಮೇಲೆ ಕೈ ತೊಳೆಯುತ್ತೇನೆ.

ಗೋಕರ್ಣದ ಬೋರ್ಡುಗಳು

ಗೋಕರ್ಣದ ಕಡಲತಡಿಯ ಕೆಫೆಗಳ ಮೆನುವಿನಲ್ಲಿ ‘ಗ್ಲುಟೆನ್ ಫ್ರೀ’ ಅಂತ ಕಂಡರೆ ಅದು ಪದಾರ್ಥದ ಮಾತು, ಅಡುಗೆಮನೆಯ ಮಾತಲ್ಲ. ರಾಗಿ ಪ್ಯಾನ್‌ಕೇಕ್ ಮಾಡಿದ ಬಾಣಲೆಯಲ್ಲಿ ಹಿಂದಿನದು ಮೈದಾದ್ದು ಆಗಿರಬಹುದು. ಓಟ್ಸ್ ಬೇಡ, ಗೋಧಿ ಬೆರೆತೇ ಬರುವುದು ಜಾಸ್ತಿ. ಪ್ಯಾಕೆಟ್ ತಿನಿಸಾದರೆ ನಂಬಿಕೆಗೆ ಆಧಾರ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಗ್ಲುಟೆನ್ ಫ್ರೀ ಅಂತ ಬರೆಯಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದು.

ಹುಬ್ಬಳ್ಳಿ, ಬೆಂಗಳೂರಿಗೆ ಹೊರಟರೆ

ಹುಬ್ಬಳ್ಳಿ ಖಾನಾವಳಿಯಲ್ಲಿ ಜೋಳದ ರೊಟ್ಟಿ ನೋಡಿ ಕುಣಿಯುವ ಮುಂಚೆ ಒಲೆ ಕಡೆ ಕಣ್ಣು ಹಾಯಿಸಿ. ಚಪಾತಿ ಅದೇ ಹಂಚಿನ ಮೇಲೆ ಬೇಯುತ್ತಿದ್ದರೆ ಖಡಕ್ ರೊಟ್ಟಿ ಕೇಳಿ. ಅದನ್ನು ರೊಟ್ಟಿ ಮಾಡುವ ಮನೆಗಳಿಂದ ತರಿಸುವ ಖಾನಾವಳಿಗಳಿವೆ, ಅಲ್ಲಿ ಬರೀ ಜೋಳದ ಕೆಲಸವೇ ನಡೆಯುತ್ತಿದ್ದರೆ ನಿಮ್ಮ ಅದೃಷ್ಟ.

ಬೆಂಗಳೂರಿಗೆ ಕಾರವಾರದಿಂದ ಸಂಜೆಯ ಪಂಚಗಂಗಾ ರೈಲು ಹತ್ತುವಾಗ ರಾತ್ರಿ ಊಟವನ್ನೂ ಬೆಳಗಿನ ತಿಂಡಿಯನ್ನೂ ಕಟ್ಟಿಕೊಳ್ಳಿ. ನನ್ನ ಚೀಲದಲ್ಲಿ ಮೊಸರನ್ನ, ಅವಲಕ್ಕಿ, ಬಾಳೆಹಣ್ಣು, ಹುರಿಗಡಲೆ, ಬೆಲ್ಲ ಇರುತ್ತವೆ. ಬೆಂಗಳೂರಿನ ದರ್ಶಿನಿಗಳಲ್ಲಿ ಖಾರಾಬಾತ್, ಚೌಚೌ ಬಾತ್ ಎರಡೂ ರವೆ, ಹೆಸರು ನೋಡಿ ಅನ್ನ ಅಂದುಕೊಳ್ಳಬೇಡಿ. ರವಾ ಇಡ್ಲಿ ಹುಟ್ಟಿದ್ದೇ ಆ ಊರಿನಲ್ಲಿ, ಎರಡನೇ ಮಹಾಯುದ್ಧದ ಅಕ್ಕಿ ಬರಗಾಲದಲ್ಲಿ, ಎಂಟಿಆರ್‌ನವರ ಕೈಯಲ್ಲಿ. ಹಾಗಾಗಿ ಅಲ್ಲಿ ‘ಇಡ್ಲಿ’ ಅಂದಾಗ ಯಾವ ಇಡ್ಲಿ ಅಂತ ಬಿಡಿಸಿ ಹೇಳಬೇಕು. ಬಿಸಿಬೇಳೆಬಾತ್ ಅಕ್ಕಿಯದ್ದೇ, ಆದರೆ ಹಿಂಗಿನ ಅನುಮಾನ. ಮಿಲಿಟರಿ ಹೋಟೆಲಿನ ಮುದ್ದೆ ಸಾರು ನಮಗೆ ಹೊಂದುತ್ತದೆ. ಮುದ್ದೆಗೆ ಬರೀ ರಾಗಿಯೋ ಅಂತ ಒಂದು ಮಾತು ಕೇಳಿ.

ದೊಡ್ಡ ಊರಿನ ಒಂದು ಅನುಕೂಲ ಹೇಳುತ್ತೇನೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕಡೆ ಶಾಖೆ ಇರುವ ಹೋಟೆಲುಗಳು ತಿನಿಸಿನಲ್ಲಿರುವ ಅಲರ್ಜಿ ಪದಾರ್ಥಗಳ ವಿವರ ಕೊಡಬೇಕು ಅಂತ 2020ರ ನಿಯಮ ಇದೆ. ಗೋಧಿ ಆ ಪಟ್ಟಿಯಲ್ಲಿದೆ. ಕೌಂಟರಿನಲ್ಲಿ “ಅಲರ್ಜಿ ಪಟ್ಟಿ ತೋರಿಸಿ” ಅಂತ ಕೇಳುವುದು ನಿಮ್ಮ ಹಕ್ಕು. ತವಾ ಮತ್ತು ಎಣ್ಣೆಯ ಪ್ರಶ್ನೆ ಮಾತ್ರ ಅಲ್ಲೂ ಬಾಯಿಬಿಟ್ಟೇ ಕೇಳಬೇಕು.

ಆದರೂ ಹೊಟ್ಟೆಗೆ ಹೋದರೆ

ಹೋಗುತ್ತದೆ, ಎಷ್ಟೇ ಎಚ್ಚರ ಇದ್ದರೂ. ಇದಕ್ಕೆ ಇಳಿಸುವ ಮದ್ದಿಲ್ಲ. ಜೀರ್ಣದ ಮಾತ್ರೆ ನುಂಗಿದರೆ ಗೋಧಿ ತಿನ್ನಬಹುದು ಅನ್ನುವ ಜಾಹೀರಾತು ನಂಬಬೇಡಿ. ಭೇದಿಯಾದರೆ ಓಆರ್‌ಎಸ್ ಕುಡಿಯಿರಿ, ಗಂಜಿ ಉಣ್ಣಿ, ಮಲಗಿ. ರಕ್ತ ಕಂಡರೆ, ಜ್ವರ ಬಂದರೆ, ನೀರೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಏನೂ ಆಗಲಿಲ್ಲ ಅಂದರೆ ತಿನ್ನಬಹುದು ಅಂತಲ್ಲ. ಲಕ್ಷಣ ತೋರಿಸದೆಯೂ ಕರುಳು ಸವೆಯುತ್ತದೆ. ಅದಕ್ಕೇ ಡಾಕ್ಟರು ಹೇಳಿದ ಗಡುವಿಗೆ ಟಿಟಿಜಿ ಮತ್ತೆ ಮಾಡಿಸಬೇಕು.

ಏನು ತಿಂದೆ, ಎಲ್ಲಿ, ಎಷ್ಟು ಹೊತ್ತಿಗೆ ಅಂತ ಅವತ್ತೇ ಬರೆದಿಡಿ. ಸುಧಾರಿಸಿಕೊಂಡ ಮೇಲೆ ಆ ಹೋಟೆಲಿಗೆ ಜನ ಕಮ್ಮಿ ಇರುವ ಹೊತ್ತಿನಲ್ಲಿ ಹೋಗಿ ಹೇಳಿ. ಜಗಳಕ್ಕಲ್ಲ, ಸುಮ್ನೆ ವಿಷಯ ತಿಳಿಸಲು. ಇಸ್ವಾಣದ ಪ್ರಸಂಗದ ನಂತರ ನಾನು ಹಾಗೇ ಮಾಡಿದೆ. ಗಲ್ಲಾದಲ್ಲಿದ್ದ ಅಕ್ಕ ಎಲ್ಲ ಕೇಳಿಸಿಕೊಂಡು ಒಳಗೆ ಹೋಗಿ ಒಂದು ಸಣ್ಣ ಹಳೆಯ ಕಾವಲಿ ತಂದು ತೋರಿಸಿದರು. ಈಗ ನಾನು ಹೋಗುವ ಅರ್ಧ ಗಂಟೆ ಮುಂಚೆ ಫೋನ್ ಮಾಡುತ್ತೇನೆ, ಅವರು ಅದನ್ನು ತೊಳೆದು ಒಲೆಗಿಡುತ್ತಾರೆ.